ಚಿಲಕ ಹಾಕಿರದ ಕೋಣೆ

ಜನವರಿ 8

ಅಕ್ಕಾ,

ಇದರ ಜೊತೆಗಿರುವ ಕಟ್ಟು ಹೊಸ ಕಾದಂಬರಿ. ಎಂದಿನಂತೆ ಕೊನೆಯ ಅಧ್ಯಾಯ ನನ್ನ ಹತ್ತಿರವೇ ಇದೆ. ನಿಯಮ ನಿನಗೆ ಗೊತ್ತು, ಆದರೂ ಆಮೇಲೆ ತಕರಾರು ತೆಗೆಯುವವಳು ನೀನು, ಅದಕ್ಕೇ ಮತ್ತೊಮ್ಮೆ ಬರೆಯುತ್ತಿದ್ದೇನೆ. ಕೊಲೆಗಾರ ಯಾರು ಎಂದಷ್ಟೇ ಹೇಳಿದರೆ ಸಾಲದು, ಮುಚ್ಚಿದ ಕೋಣೆಯಿಂದ ಹೇಗೆ ಹೊರಗೆ ಬಂದ ಎಂದೂ ಹೇಳಬೇಕು. ಸರಿಯಾಗಿ ಹೇಳಿದರೆ ಕೊನೆಯ ಅಧ್ಯಾಯ ಹರಿದು ಬೇರೆ ಬರೆಯುತ್ತೇನೆ. ನಿನ್ನಿಂದ ಆಗದಿದ್ದರೆ ಅಚ್ಚಿಗೆ ಕಳಿಸುತ್ತೇನೆ.

ಈ ಸಲ ಸತ್ತವನು ಹರಾಜು ಕೂಗುವ ಯಜಮಾನ. ಗೋದಾಮಿನ ಮೇಲಿನ ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದ. ಬೆಳಿಗ್ಗೆ ಎಷ್ಟು ಕೂಗಿದರೂ ಬಾಗಿಲು ತೆಗೆಯಲಿಲ್ಲ. ಅಳಿಯ, ಗುಮಾಸ್ತ, ಅಡುಗೆಯವಳು, ಡಾಕ್ಟರು ಎಲ್ಲರೂ ಭುಜ ಕೊಟ್ಟು ಬಾಗಿಲು ಒಡೆದರು. ಯಜಮಾನ ಮೇಜಿನ ಮೇಲೆ ಬೋರಲು ಬಿದ್ದಿದ್ದ, ಬೆನ್ನಿನಲ್ಲಿ ಚೂರಿ. ಕಿಟಕಿಗೆ ಗಟ್ಟಿ ಸರಳು. ಒಳಗಿನ ಚಿಲಕ ಕಿತ್ತುಕೊಂಡು ನೆಲದ ಮೇಲಿತ್ತು. ನಮ್ಮ ಪತ್ತೇದಾರ ನಿಧಾನಿ ಬರುವುದು ಮೂರನೇ ಅಧ್ಯಾಯದಲ್ಲಿ. ಅವನಿಗೆ ಈ ಸಲ ಹಲ್ಲುನೋವು ಕೊಟ್ಟಿದ್ದೇನೆ.

ಇನ್ನೊಂದು ಸುದ್ದಿ. ಇದು ಐವತ್ತನೇ ಕಾದಂಬರಿ. ಏಪ್ರಿಲ್ ಕೊನೆಯಲ್ಲಿ ಸಣ್ಣದೊಂದು ಸಮಾರಂಭ ಮಾಡೋಣ ಎಂದು ಪ್ರಕಾಶಕರು ಹೇಳಿದ್ದಾರೆ. ನೀನು ಬರಲೇಬೇಕು. ಭಾವ ತೀರಿಹೋದಾಗ ನೋಡಿದ್ದು, ಎರಡು ವರ್ಷವಾಗುತ್ತಾ ಬಂತು. ನೀನು ಮುಂದಿನ ಸಾಲಿನಲ್ಲಿ ಕೂರಬೇಕು. ಈ ಹೆಂಗಸಿನ ಕಾಟದಿಂದ ಎಷ್ಟು ಅಧ್ಯಾಯ ಹರಿದಿದ್ದೇನೆ ಅಂತ ಭಾಷಣದಲ್ಲಿ ಹೇಳಿ ಸೇಡು ತೀರಿಸಿಕೊಳ್ಳುವವನಿದ್ದೇನೆ.

ಹಿಂದಿನ ಮೂರು ಪುಸ್ತಕಗಳ ಪ್ರತಿ ಇನ್ನೂ ಕೈಗೆ ಬಂದಿಲ್ಲ. ರಕ್ಷಾಪುಟದ ಚಿತ್ರ ಬರೆಯುವವನಿಗೆ ಕಾಮಾಲೆಯಂತೆ. ಬಂದ ಕೂಡಲೇ ಕಳಿಸುತ್ತೇನೆ.

ನಿನ್ನ
ತಮ್ಮ


ಜನವರಿ 19

ಮೊದ್ದು,

ಕಟ್ಟು ಬಂತು. ಅರ್ಧ ಓದಿದ್ದೇನೆ. ನಿನ್ನ ಕಾದಂಬರಿಗಳಲ್ಲಿ ಅಡುಗೆಯವಳು ಯಾವತ್ತು ನೋಡಿದರೂ ಸೆರಗಲ್ಲಿ ಕಣ್ಣು ಒರೆಸಿಕೊಳ್ಳುತ್ತಿರುತ್ತಾಳೆ. ಒಲೆ ಯಾರು ನೋಡಿಕೊಳ್ಳುತ್ತಾರೆ? ಅಷ್ಟು ಜನ ಪೊಲೀಸರಿಗೆ ಚಹಾ ಮಾಡಿಕೊಟ್ಟವರು ಯಾರು? ನಿಧಾನಿಗೆ ಹಲ್ಲುನೋವು ಒಳ್ಳೆಯದೇ, ಸ್ವಲ್ಪ ಕಡಿಮೆ ಮಾತಾಡುತ್ತಾನೆ.

ಇಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಒಂದು ಶಾಲೆಯ ಬ್ಯಾಂಡಿನವರ ಕೋಟುಗಳು ಬಂದಿವೆ. ಒಂದೊಂದಕ್ಕೂ ಎರಡು ಸಾಲು ಹಿತ್ತಾಳೆ ಗುಂಡಿ, ಭುಜಕ್ಕೆ ಜರಿ. ತುತ್ತೂರಿ ಊದುವ ಹುಡುಗಿ ಅಳತೆ ಕೊಡುವಾಗ ಉಸಿರು ಬಿಗಿಹಿಡಿದಳು, ಈಗ ಕೋಟು ಬಿಗಿಯಾಗಿದೆ ಅಂತ ಅವಳ ತಾಯಿ ಬಂದು ಜಗಳ. ಬಾಗಿಲು ಬೆಳಿಗ್ಗೆಯಿಂದ ಸಂಜೆಯವರೆಗೆ ತೆರೆದೇ ಇರುತ್ತದೆ, ಒಬ್ಬರು ಹೋದರೆ ಇನ್ನೊಬ್ಬರು. ಮೇಲ್ಮನೆಯ ನರ್ಸಮ್ಮ ದಾರ, ಗುಂಡಿ, ತರಕಾರಿ ಎಲ್ಲ ತಂದುಕೊಡುತ್ತಾಳೆ, ಅವಳ ಬಟ್ಟೆ ನಾನು ಹೊಲಿದುಕೊಡುತ್ತೇನೆ. ಈ ಪತ್ರವನ್ನು ಅಂಚೆ ಪೆಟ್ಟಿಗೆಗೆ ಹಾಕುವವಳೂ ಅವಳೇ.

ಐವತ್ತು ಅಂದರೆ ಸಣ್ಣ ಮಾತಲ್ಲ. ಸಮಾರಂಭದ ವಿಷಯ ನೋಡೋಣ, ಏಪ್ರಿಲ್ ದೂರ ಇದೆ.

ಅಂದಹಾಗೆ, ನೀನು ಟೈಪು ಮಾಡಿದ ಹಾಳೆಗಳ ಹಿಂದೆ ಕೆಮ್ಮಿನ ಔಷಧಿಯ ಲೇಬಲ್ ಅಚ್ಚಾಗಿದೆ. ಈ ಕಡೆ ಹೆಣ ಸಿಕ್ಕಿತು, ಮಗುಚಿದರೆ ಆ ಕಡೆ ‘ಊಟವಾದ ಮೇಲೆ ಎರಡು ಚಮಚ’. ಪ್ರಕಾಶಕರು ಇಷ್ಟು ಜಿಪುಣರಾದರೇ?

ಅಕ್ಕ


ಜನವರಿ 20

ಮೊದ್ದು,

ಇದನ್ನು ನಿನಗೆ ಕಳಿಸುವುದಿಲ್ಲ. ನಿನ್ನೆಯ ಪತ್ರವನ್ನು ನರ್ಸಮ್ಮ ಪೆಟ್ಟಿಗೆಗೆ ಹಾಕಿ ಬಂದಳು. ಅದರಲ್ಲಿ ಸುಳ್ಳು ಒಂದೂ ಇಲ್ಲ, ಆದರೆ ಹೇಳಬೇಕಾದದ್ದೂ ಇಲ್ಲ. ಎಲ್ಲಾದರೂ ಒಂದು ಕಡೆ ಬರೆಯದಿದ್ದರೆ ನನಗೆ ತಡೆಯಲಾಗುವುದಿಲ್ಲ.

ನಾನು ಮನೆಯಿಂದ ಹೊರಗೆ ಕಾಲಿಟ್ಟು ವರ್ಷದ ಮೇಲಾಯಿತು.

ಏನೂ ಆಗಿರಲಿಲ್ಲ. ದಾರದ ಅಂಗಡಿಗೆ ಹೋಗಿದ್ದೆ, ಒಂದು ನೀಲಿ ಬಟ್ಟೆಗೆ ಹೊಂದುವ ಗುಂಡಿ ಹುಡುಕುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಎದೆಯ ಮೇಲೆ ಯಾರೋ ಕೂತ ಹಾಗಾಯಿತು. ಉಸಿರು ಸಿಗಲಿಲ್ಲ. ಇಲ್ಲೇ ಸಾಯುತ್ತೇನೆ, ಇವರಲ್ಲಿ ಒಬ್ಬರಿಗೂ ನನ್ನ ಮನೆ ಎಲ್ಲಿದೆ ಅಂತ ಗೊತ್ತಿಲ್ಲ ಅನ್ನಿಸಿತು. ಅಂಗಡಿಯವನ ಹೆಂಡತಿ ನೀರು ಕೊಟ್ಟು ಗಾಡಿ ಹತ್ತಿಸಿ ಕಳಿಸಿದಳು. ಮುಂದಿನ ವಾರ ಮತ್ತೆ ಹೊರಟೆ, ಗೇಟಿನ ಹತ್ತಿರವೇ ಅದೇ ಆಯಿತು. ನಾಳೆ ಹೋದರಾಯಿತು ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಯಾರಿಗೂ ಗೊತ್ತಾಗಿಲ್ಲ. ಬಟ್ಟೆ ಹೊಲಿಯುವವಳು ಮನೆಯಲ್ಲಿರದೆ ಇನ್ನೆಲ್ಲಿರಬೇಕು? ಜನ ಬರುತ್ತಾರೆ, ಅಳತೆ ಕೊಡುತ್ತಾರೆ, ಊರಿನ ಸುದ್ದಿ ಹೇಳುತ್ತಾರೆ, ಹೋಗುತ್ತಾರೆ. ಸಂಜೆ ಮಿಷನ್ ನಿಲ್ಲಿಸಿದ ಮೇಲೆ ಮನೆಯಲ್ಲಿ ಒಂದು ಸದ್ದೂ ಇರುವುದಿಲ್ಲ. ಆಗ ನಿನ್ನ ಕಟ್ಟು ಬಿಚ್ಚುತ್ತೇನೆ. ನಿನಗೆ ಗೊತ್ತಿಲ್ಲ, ಒಂದೊಂದು ಅಧ್ಯಾಯವನ್ನು ಎಷ್ಟು ಸಲ ಓದುತ್ತೇನೆ ಅಂತ.

ಬಾ ಅಂದಿದ್ದೀಯ. ಬರಬೇಕು ಅಂತ ಬಹಳ ಆಸೆ ಇದೆ. ಹೊಸ್ತಿಲು ದಾಟುವುದನ್ನು ನೆನೆದರೇ ಅಂಗೈ ಬೆವರುತ್ತದೆ. ವಿಷಯ ಹೇಳಿದರೆ ನೀನು ಎಲ್ಲ ಬಿಟ್ಟು ಓಡಿ ಬರುತ್ತೀಯ, ಇಲ್ಲವೇ ಬರುವುದಿಲ್ಲ. ಎರಡನ್ನೂ ತಡೆದುಕೊಳ್ಳುವ ಶಕ್ತಿ ನನಗಿಲ್ಲ.


ಫೆಬ್ರವರಿ 2

ಅಕ್ಕಾ,

ಅಡುಗೆಯವಳ ಪರವಾಗಿ ನೀನು ಮಾಡಿದ ವಾದ ಒಪ್ಪಿದೆ. ಎರಡನೇ ಅಧ್ಯಾಯ ತಿದ್ದಿದ್ದೇನೆ, ಈಗ ಅವಳು ಪೊಲೀಸರನ್ನು ಬೈಯುತ್ತಾ ಚಹಾ ಮಾಡುತ್ತಾಳೆ. ಮೊದಲಿಗಿಂತ ಚೆನ್ನಾಗಿದೆ. ಹೊಸ ಹಾಳೆ ಇದರಲ್ಲಿ ಇಟ್ಟಿದ್ದೇನೆ. ಹಿಂದುಗಡೆ ಈ ಸಲ ಹೊಟ್ಟೆನೋವಿನ ಮಾತ್ರೆ. ಕಾಗದ ದುಬಾರಿಯಾಗಿದೆ, ಪ್ರಕಾಶಕರು ಎಲ್ಲಿಂದಲೋ ರದ್ದಿ ತಂದು ಕೊಡುತ್ತಾರೆ. ನಿನ್ನ ಕಣ್ಣಿಗೆ ಬೇರೇನೂ ಬೀಳುವುದಿಲ್ಲವೇ?

ಒಂದು ಸುಳಿವು ಕೊಡುತ್ತೇನೆ, ಪಾಪ ಅನ್ನಿಸಿ. ಕೋಣೆಯನ್ನು ನೋಡಬೇಡ, ಕೋಣೆಯನ್ನು ನೋಡಿದವರನ್ನು ನೋಡು. ಇದಕ್ಕಿಂತ ಹೆಚ್ಚು ಹೇಳಿದರೆ ನಿಧಾನಿಗೆ ಕೆಲಸವಿಲ್ಲ.

ಸಭಾಂಗಣ ಗೊತ್ತುಮಾಡಿದ್ದಾರೆ. ಕೆಂಪು ಪರದೆ ಇದೆ, ಕುರ್ಚಿಗಳಿಗೆ ಮೆತ್ತೆ ಇದೆ. ನೀನು ಎರಡು ದಿನ ಮೊದಲೇ ಬಾ. ನನ್ನ ಕೋಣೆ ಸೈಕಲ್ ಅಂಗಡಿಯ ಮೇಲಿರುವುದು ನಿನಗೆ ನೆನಪಿದೆಯಲ್ಲ, ಕಿಟಕಿಯ ಹತ್ತಿರದ ಮಂಚ ನಿನಗೆ ಬಿಟ್ಟುಕೊಡುತ್ತೇನೆ. ಒಲೆ ರಿಪೇರಿ ಮಾಡಿಸಿದ್ದೇನೆ. ರೈಲಿನ ಸಮಯ ಬರೆದು ಕಳಿಸಲೇ?

ತಮ್ಮ


ಫೆಬ್ರವರಿ 14

ಮೊದ್ದು,

ಬ್ಯಾಂಡಿನ ಕೋಟುಗಳು ಮುಗಿದವು. ಬೆಳಿಗ್ಗೆ ಕೂತರೆ ದೀಪ ಹಚ್ಚುವ ತನಕ ಮಿಷನ್ ತುಳಿದಿದ್ದೇ ತುಳಿದಿದ್ದು. ನಿನ್ನೆ ಹುಡುಗರೆಲ್ಲ ತೊಟ್ಟುಕೊಂಡು ನಮ್ಮ ಬಾಗಿಲ ಮುಂದೆಯೇ ಒಂದು ಸಲ ಬಾರಿಸಿ ಹೋದರು. ತುತ್ತೂರಿಯ ಹುಡುಗಿಗೆ ಕೋಟು ಸಡಿಲ ಮಾಡಿಕೊಟ್ಟಿದ್ದೇನೆ, ಕೆನ್ನೆ ಉಬ್ಬಿಸಿ ಊದಿದಳು.

ಈಗ ಉತ್ತರ. ಕೊಲೆಗಾರ ಗುಮಾಸ್ತ. ಅವನು ಕೋಣೆಯಿಂದ ಹೊರಗೆ ಹೋಗಲೇ ಇಲ್ಲ. ಒಳಗಿಂದ ಚಿಲಕ ಹಾಕಿಕೊಂಡು ಬಟ್ಟೆಯ ಬೀರುವಿನಲ್ಲಿ ರಾತ್ರಿಯೆಲ್ಲ ಕೂತಿದ್ದ. ಬಾಗಿಲು ಒಡೆದು ಎಲ್ಲರೂ ಹೆಣದ ಸುತ್ತ ನಿಂತಾಗ ಮೆಲ್ಲಗೆ ಬಂದು ಗುಂಪಿಗೆ ಸೇರಿಕೊಂಡ. ಎಲ್ಲರೂ ಅವನು ತಮ್ಮ ಜೊತೆಗೇ ಬಂದ ಅಂದುಕೊಂಡರು. ಸರಿಯೋ ತಪ್ಪೋ?

ಏಪ್ರಿಲ್‌ಗೆ ಬರುವುದು ಕಷ್ಟ ಕಣೋ. ಮಂಡಿ ನೋವು ಶುರುವಾಗಿದೆ. ಇಷ್ಟು ದೂರದ ರೈಲು, ಮೆಟ್ಟಿಲು, ಜನ, ಆಗುವುದಿಲ್ಲ. ನನ್ನ ಕುರ್ಚಿಯ ಮೇಲೆ ನಿನ್ನ ಹಳೇ ಕೋಟು ಇಟ್ಟುಕೋ. ಭಾಷಣ ಬರೆದು ಕಳಿಸು, ಇಲ್ಲೇ ಓದಿ ಚಪ್ಪಾಳೆ ತಟ್ಟುತ್ತೇನೆ.

ಅಕ್ಕ


ಫೆಬ್ರವರಿ 23

ಅಕ್ಕಾ,

ಉತ್ತರ ತಪ್ಪು. ಬಾಗಿಲು ಒಡೆದವರಲ್ಲಿ ಗುಮಾಸ್ತನೂ ಇದ್ದ ಅಂತ ಮೊದಲನೇ ಪುಟದಲ್ಲೇ ಇದೆ. ನೀನು ಓದುತ್ತಿಲ್ಲ. ಈಚೆಗೆ ನಿನ್ನದೆಲ್ಲ ಇದೇ ಉತ್ತರ. ಹಿಂದಿನ ಪುಸ್ತಕದಲ್ಲಿ ಕೊಲೆಗಾರ ಪೆಟ್ಟಿಗೆಯೊಳಗಿದ್ದ ಅಂದೆ, ಅದಕ್ಕೂ ಮೊದಲು ಅಟ್ಟದ ಮೇಲಿದ್ದ ಅಂದೆ. ನಿನ್ನ ಪ್ರಕಾರ ಕೋಣೆಯೊಳಗೆ ಹೋದವರು ಯಾರೂ ಹೊರಗೆ ಬರುವುದೇ ಇಲ್ಲ. ಮೊದಲೆಲ್ಲ ನೀನು ಎಷ್ಟು ಚುರುಕಾಗಿದ್ದೆ.

ಇನ್ನು ಮಂಡಿಯ ವಿಷಯ. ಬೆಳಿಗ್ಗೆಯಿಂದ ದೀಪ ಹಚ್ಚುವ ತನಕ ಮಿಷನ್ ತುಳಿದೆ ಅಂತ ಮೊದಲ ಪ್ಯಾರಾದಲ್ಲಿ ಬರೆದು, ಮಂಡಿ ನೋವು ಅಂತ ಕೊನೆಯ ಪ್ಯಾರಾದಲ್ಲಿ ಬರೆದಿದ್ದೀಯ. ಐವತ್ತು ಪತ್ತೇದಾರಿ ಕಾದಂಬರಿ ಬರೆದವನ ಕಿವಿಯ ಮೇಲೆ ಹೂ ಇಡಬೇಡ. ಸುಳ್ಳು ಸಿಕ್ಕ ಮೇಲೆ ಕಾರಣ ಹುಡುಕುವುದು ಕಷ್ಟವಲ್ಲ. ನಿನಗೆ ನಾಚಿಕೆ. ನಿನ್ನ ಗಂಡನ ಮನೆಯವರು ಓದಿದವರು, ಭಾವ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ತಮ್ಮ ಬಸ್ ನಿಲ್ದಾಣದಲ್ಲಿ ಮಾರುವ ಪುಸ್ತಕ ಬರೆಯುವವನು. ಭಾವನ ಅಣ್ಣ ಎಲ್ಲರ ಮುಂದೆ ಕೇಳಿದ್ದು ನನಗೆ ಮರೆತಿಲ್ಲ. “ಏನಪ್ಪಾ, ಈ ತಿಂಗಳು ಎಷ್ಟು ಹೆಣ ಬಿತ್ತು?” ಎಲ್ಲರೂ ನಕ್ಕರು. ನೀನೂ ನಕ್ಕೆ.

ಬರುವುದಿಲ್ಲ ಅಂದರೆ ಬರುವುದಿಲ್ಲ ಅನ್ನು. ಮಂಡಿಯ ಮೇಲೆ ಯಾಕೆ ಗೂಬೆ ಕೂರಿಸುತ್ತೀಯ.


ಫೆಬ್ರವರಿ 28

ನಿನ್ನ ಪತ್ರ ಬಂತು.

ನಕ್ಕಿದ್ದು ನಿಜ. ನಗದೇ ಇದ್ದಿದ್ದರೆ ಆ ಮನುಷ್ಯ ಇನ್ನೂ ನಾಲ್ಕು ಮಾತು ಆಡುತ್ತಿದ್ದ. ಆದರೆ ನೀನು ಕಂಡುಹಿಡಿದಾಗಿದೆ, ಇನ್ನು ನಾನು ಹೇಳುವುದೇನಿದೆ. ನಾಚಿಕೆ ಅಂತಲೇ ಇಟ್ಟುಕೋ.

ಕಾದಂಬರಿ ನನ್ನಿಂದ ಬಿಡಿಸಲಾಗಲಿಲ್ಲ. ಅಚ್ಚಿಗೆ ಕಳಿಸು.

ಅಕ್ಕ


ಮಾರ್ಚ್ 21

ಅಕ್ಕಾ,

ಮೂರು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಅಂಚೆಯವನನ್ನು ದಿನಾ ಕೇಳಿ ಕೇಳಿ ಈಗ ಅವನು ನನ್ನನ್ನು ನೋಡಿದರೆ ರಸ್ತೆಯ ಆ ಬದಿಗೆ ಹೋಗುತ್ತಾನೆ. ಆವತ್ತು ಸಿಟ್ಟಲ್ಲಿ ಬರೆದೆ. ನೀನು ಬೈದು ಬರೆಯುತ್ತೀಯ ಅಂದುಕೊಂಡಿದ್ದೆ. ‘ಇಟ್ಟುಕೋ’ ಅಂತ ಬರೆದು ಸುಮ್ಮನಾಗುವವಳಲ್ಲ ನೀನು, ಅದಕ್ಕೇ ಹೆದರಿಕೆಯಾಗುತ್ತಿದೆ.

ಇಲ್ಲಿ ಎಲ್ಲ ಚೆನ್ನಾಗಿ ನಡೆಯುತ್ತಿದೆ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗಿದೆ. ಪ್ರಕಾಶಕರು ಹಾರ ತರಿಸುತ್ತಾರಂತೆ, ಹಾರ ಬೇಡ ಅಂದೆ. ಬಿಡುವೇ ಇಲ್ಲ.

ಇವತ್ತು ಬೆಳಗಿನಿಂದ ನಾನು ಬಾಯಿ ಬಿಟ್ಟಿದ್ದು ಚಹಾದವನ ಹತ್ತಿರ ಮಾತ್ರ, ಅದೂ ಸಕ್ಕರೆ ಕಡಿಮೆ ಹಾಕು ಅನ್ನುವುದಕ್ಕೆ. ಉತ್ತರ ತಪ್ಪಾದರೂ ಪರವಾಗಿಲ್ಲ, ಬರೆ.

ತಮ್ಮ


ಏಪ್ರಿಲ್ 3

ಮೊದ್ದು,

ಕೊನೆಗೂ ಬಿಡಿಸಿದೆ. ನಿನ್ನ ಕಾದಂಬರಿಯನ್ನೂ, ನಿನ್ನನ್ನೂ. ಮೊದಲು ಕಾದಂಬರಿ.

ಕೋಣೆಗೆ ಚಿಲಕ ಹಾಕಿರಲೇ ಇಲ್ಲ. ಕೊಂದವನು ಅಳಿಯ. ರಾತ್ರಿ ಮಾವನನ್ನು ಕೊಂದು, ಚಿಲಕವನ್ನು ತಾನೇ ಕಿತ್ತು ನೆಲಕ್ಕೆ ಹಾಕಿ, ಬಾಗಿಲು ಸುಮ್ಮನೆ ಮುಂದಕ್ಕೆ ಎಳೆದುಕೊಂಡು ಹೋದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಿಡಿಕೆಗೆ ಕೈ ಹಾಕಿದವನು ಅವನೇ. “ಒಳಗಿಂದ ಚಿಲಕ ಹಾಕಿದೆ” ಅಂದ. ಮಿಕ್ಕವರು ತಳ್ಳುವಾಗ ಇವನು ತಳ್ಳುವ ಹಾಗೆ ನಟಿಸುತ್ತಾ ಹಿಡಿಕೆಯನ್ನು ತನ್ನ ಕಡೆಗೇ ಎಳೆದು ಹಿಡಿದಿದ್ದ. ಸಾಕು ಅನ್ನಿಸಿದಾಗ ಬಿಟ್ಟ. ಬಾಗಿಲು ಒಡೆಯಿತು ಅಂತ ಎಲ್ಲರೂ ನಂಬಿದರು. ಒಬ್ಬ ಹೇಳಿದ, ಮಿಕ್ಕವರು ನೋಡದೇ ಒಪ್ಪಿಕೊಂಡರು. ಚೆನ್ನಾಗಿದೆ ಕಣೋ. ಐವತ್ತರಲ್ಲಿ ಇದೇ ಚೆನ್ನಾಗಿರುವುದು. ಆದರೂ ನಿಯಮದ ಪ್ರಕಾರ ಹರಿದು ಹಾಕಬೇಕು, ನನಗೇ ಹೊಟ್ಟೆ ಉರಿಯುತ್ತದೆ.

ಈಗ ನೀನು. ಸಮಾರಂಭ ಇಲ್ಲ. ನಿನ್ನ ಪುಸ್ತಕವೊಂದರ ರಕ್ಷಾಪುಟದಲ್ಲಿ ಹೆಂಗಸಿನ ಮೂಗು ಸೊಟ್ಟಗಿದ್ದರೂ ಅದರ ಕರಡನ್ನು ನನಗೆ ಕಳಿಸಿ ಗೋಳಾಡುವವನು ನೀನು. ಆಹ್ವಾನ ಪತ್ರಿಕೆ ಅಚ್ಚಾಗಿದ್ದರೆ ಈ ಹೊತ್ತಿಗೆ ನನ್ನ ಕೈಯಲ್ಲಿ ಇರುತ್ತಿತ್ತು. ಚಿತ್ರ ಬರೆಯುವವನಿಗೆ ಮೂರು ಪುಸ್ತಕದಷ್ಟು ದಿನ ಕಾಮಾಲೆ ಇದ್ದರೆ ಅವನು ಬದುಕಿರುತ್ತಿರಲಿಲ್ಲ. ಹಾಳೆಗಳ ಹಿಂದೆ ಕೆಮ್ಮು, ಹೊಟ್ಟೆನೋವು, ಹೋದ ವರ್ಷದ ಕಟ್ಟಿನಲ್ಲಿ ಕಣ್ಣಿನ ಹನಿ. ಕೆಲವು ಕಡೆ ತಪ್ಪು ಅಕ್ಷರಕ್ಕೆ ಕೆಂಪು ಗುರುತು, ಅದು ನಿನ್ನದೇ ಕೈ. ನೀನು ಲೇಬಲ್ ಅಚ್ಚು ಮಾಡುವ ಕಡೆ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದೀಯ. ಪ್ರಕಾಶಕ ನಿನ್ನನ್ನು ಕೈಬಿಟ್ಟು ವರ್ಷವಾಗಿರಬೇಕು.

ನಿನ್ನ ಸುಳ್ಳು ಹಿಡಿದೆ ಅಂತ ಬೀಗುತ್ತಿಲ್ಲ. ನನ್ನದೂ ಒಂದಿದೆ. ಮಂಡಿ ಚೆನ್ನಾಗಿದೆ. ನಾಚಿಕೆಯೂ ಅಲ್ಲ. ನಿನ್ನ ಕಾದಂಬರಿಯ ಕೋಣೆಗೆ ಚಿಲಕ ಹಾಕಿದೆ ಅಂತ ಎಲ್ಲರೂ ನಂಬಿದರು. ನಮ್ಮ ಮನೆಯ ಬಾಗಿಲು ದಿನವಿಡೀ ತೆರೆದಿರುತ್ತದೆ, ಅದಕ್ಕೇ ನಾನು ಓಡಾಡಿಕೊಂಡಿದ್ದೇನೆ ಅಂತ ಎಲ್ಲರೂ ನಂಬಿದರು. ನಾನು ಹೊಸ್ತಿಲು ದಾಟಿ ವರ್ಷದ ಮೇಲಾಯಿತು. ದಾಟಲು ಹೋದರೆ ಉಸಿರು ನಿಂತುಹೋಗುತ್ತದೆ, ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ. ಜನವರಿಯಲ್ಲಿ ಇದನ್ನೆಲ್ಲ ಒಂದು ಪತ್ರದಲ್ಲಿ ಬರೆದಿದ್ದೆ, ಕಳಿಸಲಿಲ್ಲ. ಅದನ್ನೂ ಇದರಲ್ಲಿ ಇಟ್ಟಿದ್ದೇನೆ.

ಮೊನ್ನೆ ನರ್ಸಮ್ಮ ನನ್ನ ಚಪ್ಪಲಿಯ ಜೋಡಿ ಎತ್ತಿ ನೋಡಿದಳು. “ಅಕ್ಕಾ, ಇದ್ರ ಮೇಲೆ ಇಷ್ಟು ಧೂಳು ಕೂತಿದೆಯಲ್ಲ, ನೀವು ಎಷ್ಟು ದಿನ ಆಯ್ತು ಹೊರಗೆ ಹೋಗಿ?” ಅಂದಳು. ನನಗೆ ಅಳು ಬಂತು. ಅವಳು ಪಕ್ಕದಲ್ಲಿ ಕೂತಳು.

ನಿನ್ನ ಮೇಲೆ ಸಿಟ್ಟಿಲ್ಲ. ಬಹಳ ಬೇಜಾರಿದೆ, ಅಷ್ಟೇ.

ಅಕ್ಕ


ಏಪ್ರಿಲ್ 10

ಅಕ್ಕಾ,

ಜನವರಿಯ ಪತ್ರವನ್ನು ನಿಂತುಕೊಂಡೇ ಓದಿದೆ. ಆಮೇಲೆ ನಿನ್ನ ಹಳೇ ಪತ್ರಗಳನ್ನೆಲ್ಲ ಹೊರಗೆ ತೆಗೆದೆ. ಬೀರುವಿನಲ್ಲಿ ಕೂತವನು, ಪೆಟ್ಟಿಗೆಯಲ್ಲಿ ಕೂತವನು, ಅಟ್ಟದ ಮೇಲಿದ್ದವನು. ಅಂಗಡಿಗೆ ನರ್ಸಮ್ಮ ಹೋಗುತ್ತಾಳೆ, ಪತ್ರ ನರ್ಸಮ್ಮ ಹಾಕುತ್ತಾಳೆ. ಬ್ಯಾಂಡಿನವರು ಬಾಗಿಲ ಮುಂದೆ ಬಂದು ಬಾರಿಸಿದರು. ಒಂದು ಕಡೆಯೂ ನೀನು ‘ಹೋದೆ’ ಅಂತ ಬರೆದಿಲ್ಲ. ಇಷ್ಟು ಸುಳಿವು ನನ್ನ ಕಾದಂಬರಿಯಲ್ಲಿ ಇಟ್ಟಿದ್ದರೆ ಓದುಗರು ಪುಸ್ತಕ ಬಿಸಾಡುತ್ತಿದ್ದರು. ದೀಪದ ಬುಡ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು. ಅದರ ಮೇಲೆ ನಾಚಿಕೆ ಅಂತ ಬೇರೆ ಬರೆದೆ. ಕ್ಷಮಿಸು ಅನ್ನುವುದಕ್ಕೂ ಮುಖವಿಲ್ಲ.

ನೀನು ಹೇಳಿದ್ದೆಲ್ಲ ನಿಜ. ಈಗ ಪತ್ತೇದಾರಿ ಯಾರೂ ಓದುವುದಿಲ್ಲ ಅಂತ ಪ್ರಕಾಶಕರು ಹೋದ ವರ್ಷವೇ ಹೇಳಿದರು. ರೈಲ್ವೆ ಗೇಟಿನ ಹಿಂದೆ ಲೇಬಲ್ ಪ್ರೆಸ್ ಇದೆ, ಅಲ್ಲಿ ಕರಡು ತಿದ್ದುತ್ತೇನೆ. ಒಂದು ಸೊನ್ನೆ ಹೆಚ್ಚಾದರೆ ಯಾರಾದರೂ ಸಾಯುತ್ತಾರೆ, ಅದಕ್ಕೇ ನಿಧಾನವಾಗಿ ಓದಬೇಕು. ಆಮೇಲೆ ಬರೆದ ನಾಲ್ಕು ಕಾದಂಬರಿಗಳನ್ನು ನಿನ್ನೊಬ್ಬಳಿಗಾಗಿ ಬರೆದೆ. ಹೇಳಿದರೆ ನೀನು ಅಯ್ಯೋ ಪಾಪ ಅಂತ ಓದುತ್ತೀಯ, ಅದು ನನಗೆ ಬೇಡವಾಗಿತ್ತು. ಸಮಾರಂಭ ಅಂತ ಯಾಕೆ ಕಟ್ಟಿದೆ ಅಂದರೆ, ಸುಮ್ಮನೆ ಬಾ ಅಂದರೆ ಬರುವುದಿಲ್ಲವೇನೋ ಅನ್ನಿಸಿತು. ನೀನು ಬಂದು ಇಳಿದ ಮೇಲೆ ಸತ್ಯ ಹೇಳಿ ಬೈಸಿಕೊಳ್ಳುವುದು ಅಂತ ಇದ್ದೆ. ಎರಡು ದಿನ ಯಾರಾದರೂ ಈ ಕೋಣೆಯಲ್ಲಿ ಮಾತಾಡಿದರೆ ಸಾಕಾಗಿತ್ತು.

ನೀನು ಹೊರಡುವ ಸಾಹಸ ಮಾಡಬೇಡ. ನಾನೇ ಬರುತ್ತೇನೆ. ಆದರೆ ಪ್ರೆಸ್ಸಿನಲ್ಲಿ ಈಗ ಕೈತುಂಬ ಕೆಲಸ, ಜೂನ್‌ವರೆಗೆ ರಜೆ ಕೊಡುವುದಿಲ್ಲ ಅಂದಿದ್ದಾರೆ. ಅಲ್ಲಿಯವರೆಗೆ ತಡೆದುಕೋ.

ಐವತ್ತೊಂದನೆಯದು ಬರೆಯುತ್ತಿಲ್ಲ. ಶುರು ಮಾಡಿದ್ದೆ, ನಾಲ್ಕು ಪುಟಕ್ಕೆ ನಿಂತಿತು. ಒಬ್ಬನಿಗೇ ಅಡುಗೆ ಮಾಡಿಕೊಂಡು ಊಟ ಮಾಡುವುದೂ ಬೇಜಾರು, ಎಷ್ಟೋ ಸಲ ಹಾಗೇ ಮಲಗುತ್ತೇನೆ.

ತಮ್ಮ


ಏಪ್ರಿಲ್ 18

ಮೊದ್ದು,

ಮೊದಲು ಊಟ ಮಾಡು. ನಾಲ್ಕು ಪುಟಕ್ಕೆ ನಿಂತ ಕಾದಂಬರಿ, ಹೊಟ್ಟೆಗೆ ಏನಾದರೂ ಬಿದ್ದರೆ ಐದನೇ ಪುಟಕ್ಕೆ ಹೋಗುತ್ತದೆ. ನಿನಗೆ ಅಡುಗೆ ಬೇಜಾರಾದರೆ ಹೋಟೆಲಿದೆ.

ನರ್ಸಮ್ಮನಿಗೆ ಎಲ್ಲ ಹೇಳಿದೆ. ಅವಳು ಬೆಳಗಿನ ಪಾಳಿಯಿಂದ ಬಂದ ಮೇಲೆ ನನ್ನ ಕೈ ಹಿಡಿದುಕೊಂಡು ಹೊರಡಿಸುತ್ತಾಳೆ. ಮೊದಲ ದಿನ ಗೇಟು. ಆಮೇಲೆ ಪಕ್ಕದ ಮನೆಯ ಗೋಡೆಯ ತನಕ. “ಹೆದರಿಕೆ ಬರ್ಲಿ ಅಕ್ಕಾ, ಬಂದ್ರೆ ಬಂದಿದೆ ಅನ್ನಿ. ಅದು ಸ್ವಲ್ಪ ಹೊತ್ತು ಇದ್ದು ತಾನೇ ಹೋಗುತ್ತೆ, ನಿಮ್ಮ ಗಿರಾಕಿಗಳ ಹಾಗೆ” ಅನ್ನುತ್ತಾಳೆ. ಅವಳಿಗೇನು, ದಿನಾ ಸಾಯುವವರನ್ನು ನೋಡಿ ಅಭ್ಯಾಸ. ನಿನ್ನೆ ದಾರದ ಅಂಗಡಿ ಕಾಣುವ ತನಕ ಹೋದೆವು. ಅಂಗಡಿ ಕಂಡಿದ್ದೇ ತಡ, ಕಾಲು ಕಲ್ಲಾಯಿತು. ರಸ್ತೆಯ ಮಧ್ಯೆ ನಿಂತು ಚಿಕ್ಕ ಮಗುವಿನ ಹಾಗೆ ಅತ್ತೆ. ಒಬ್ಬ ಮನುಷ್ಯ ಸೈಕಲ್ ನಿಲ್ಲಿಸಿ ಏನಾಯಿತು ಅಂತ ಕೇಳಿದ. ನರ್ಸಮ್ಮ “ಏನಿಲ್ಲ, ಗುಂಡಿ ಕಳ್ಕೊಂಡಿದ್ದಾರೆ” ಅಂದಳು. ಆ ಪಾಪದ ಮನುಷ್ಯ ನೆಲದ ಮೇಲೆ ಹುಡುಕತೊಡಗಿದ. ಅಳುತ್ತಾ ಅಳುತ್ತಾ ನಗು ಬಂತು.

ಇವತ್ತು ಹೋಗಲಿಲ್ಲ. ಶಕ್ತಿ ಇಲ್ಲ. ಇದು ನನ್ನಿಂದ ಆಗುವ ಕೆಲಸವಲ್ಲ ಅನ್ನಿಸುತ್ತದೆ. ಜೂನ್‌ನಲ್ಲಿ ನೀನೇ ಬಾ, ಕಾಯುತ್ತೇನೆ. ಬರುವ ತನಕ ಪತ್ರ ಬರೆಯುತ್ತಿರು. ಕಾದಂಬರಿ ಬೇಡ, ನಿನ್ನ ಪ್ರೆಸ್ಸಿನ ಸುದ್ದಿ ಬರೆ, ಚಹಾದವನ ಸುದ್ದಿ ಬರೆ. ಏನಾದರೂ ಸರಿ.

ಅಕ್ಕ


ಮೇ 9

ಲೇಬಲ್ ಪ್ರೆಸ್, ರೈಲ್ವೆ ಗೇಟಿನ ಹಿಂದೆ. ಕರಡು ತಿದ್ದುವವರಿಗೆ.

ಮೊದ್ದು,

ಈ ಚೀಟಿ ತಂದುಕೊಟ್ಟವರು ನಿನ್ನ ಮನೆಯ ಕೆಳಗಿನ ಸೈಕಲ್ ಅಂಗಡಿಯವರು. ಅವರಿಗೆ ಆ ಕಡೆ ಕೆಲಸವಿತ್ತಂತೆ. ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ.

ನನ್ನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಒಂದು ವಾರ ಕಾದೆ, ಎರಡು ವಾರ ಕಾದೆ. ಇಷ್ಟು ವರ್ಷದಲ್ಲಿ ನೀನು ಎಂದೂ ಹೀಗೆ ಮಾಡಿದವನಲ್ಲ. ಜ್ವರವೋ, ಸಿಟ್ಟೋ, ಇನ್ನೇನೋ ಅಂತ ಯೋಚಿಸಿದೆ. ಆ ಇನ್ನೇನೋ ಅನ್ನುವುದು ಒಮ್ಮೆ ತಲೆಯೊಳಗೆ ಹೊಕ್ಕಿತು ನೋಡು, ಆಮೇಲೆ ಮಿಷನ್ ಮುಂದೆ ಕೂರಲಾಗಲಿಲ್ಲ. ರಸ್ತೆಗೆ ಇಳಿಯುವ ಹೆದರಿಕೆಗಿಂತ ಅದು ದೊಡ್ಡದಾಯಿತು. ನರ್ಸಮ್ಮ ರೈಲು ಹತ್ತಿಸಿದಳು, ಜೊತೆಗೆ ಬರಲು ಅವಳಿಗೆ ರಜೆ ಸಿಗಲಿಲ್ಲ. ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕೂತಿದ್ದೆ. ಎರಡು ಸಲ ಇಳಿದುಬಿಡೋಣ ಅನ್ನಿಸಿತು. ಪಕ್ಕದ ಹೆಂಗಸು ನಾನು ಸೀಟು ಬಿಗಿಹಿಡಿದಿದ್ದನ್ನು ನೋಡಿ ಒಂದು ಕಿತ್ತಳೆ ಸುಲಿದುಕೊಟ್ಟಳು.

ನೀನು ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುತ್ತೀಯ, ಯಾರ ಹತ್ತಿರವೂ ಮಾತಾಡುವುದಿಲ್ಲ ಅಂತ ಸೈಕಲ್ ಅಂಗಡಿಯವರು ಹೇಳಿದರು. ಅಷ್ಟು ಕೇಳಿದ ಮೇಲೆ ಎದೆ ಸ್ವಲ್ಪ ಸಮಾಧಾನವಾಯಿತು. ಪತ್ರ ಯಾಕೆ ಬರೆಯಲಿಲ್ಲ ಅಂತ ಆಮೇಲೆ ಹೇಳು, ಇಷ್ಟವಿದ್ದರೆ. ಬೈಯುವುದಿಲ್ಲ.

ಇಲ್ಲಿಂದ ಪ್ರೆಸ್ಸಿನ ತನಕ ಬರುವುದು ನನ್ನಿಂದಾಗುವುದಿಲ್ಲ. ಇನ್ನೊಂದು ಹೆಜ್ಜೆಯೂ ಆಗುವುದಿಲ್ಲ. ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ. ಇವತ್ತು ಅರ್ಧ ದಿನ ರಜೆ ಕೇಳು, ಕೊಡದಿದ್ದರೆ ಹಾಗೇ ಎದ್ದು ಬಾ. ನಿನ್ನ ಕೋಣೆಗೆ ಬೀಗ ಹಾಕಿದೆ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೇನೆ.

ಅಕ್ಕ